ಇನ್ನೂ ಅಲ್ಲೇ ಅದಾನೇನು?

ನನ್ನ ತಮ್ಮ ಹಿಮದ ಗಡಿಯಲ್ಲಿ ಸಿಪಾಯಿ. ಅಲ್ಲಿ ಎರಡು ದೇಶಗಳ ಸೈನ್ಯ ಎದುರುಬದುರು ನಿಂತ ಸುದ್ದಿ ಬಂದ ವಾರ, ಕುಕನೂರಿನ ಬಸ್ ನಿಲ್ದಾಣದ ಮುಂದೆ ಜೋರು ಪ್ರತಿಭಟನೆ ನಡೆಯಿತು. ಊರಿನ ಮುಖಂಡರೊಬ್ಬರು ವೈರಿ ದೇಶದಲ್ಲಿ ತಯಾರಾದ ಟಿ.ವಿ.ಯೊಂದನ್ನು ಎತ್ತಿ ರಸ್ತೆಗೆ ಒಗೆದರು. ಅದು ಮೊದಲೇ ಕೆಟ್ಟು ಮೂಲೆ ಸೇರಿದ್ದು ಎಂಬುದು ನೋಡುತ್ತಿದ್ದವರಿಗೆಲ್ಲ ಗೊತ್ತಿತ್ತು. ನಡೆಯುವ ಟಿ.ವಿ.ಗಳು ಮನೆಮನೆಯಲ್ಲೂ ಯುದ್ಧ ತೋರಿಸುತ್ತಿದ್ದವು.

ಅಲ್ಲಿಂದ ಮೆರವಣಿಗೆ ನಮ್ಮ ಮನೆಗೆ ಬಂತು. ಅವ್ವ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಕೈ ತೊಳೆಯಲೂ ಬಿಡದೆ ಕೊರಳಿಗೆ ಹಾರ ಹಾಕಿದರು.

"ಯವ್ವಾ, ನಿನ್ನ ಮಗ ಈಗ ಊರ ಮಗ. ವರ್ಷಗಟ್ಲೆ ನಡೀಲಿ, ಒಂದು ಇಂಚು ನೆಲಾ ಬಿಡೂದಿಲ್ಲ ನಾವು," ಎಂದರು ಮುಖಂಡರು.

ಆ 'ನಾವು' ಕೇಳಿ ನನಗೆ ಮೈ ಉರಿಯಿತು. ಮುನಿರಾಬಾದಿನ ಹೊಳೆಗಾಳಿಗೇ ಮಫ್ಲರ್ ಸುತ್ತಿಕೊಳ್ಳುವ ಮನುಷ್ಯ ಅವರು.

ದೀಪಾವಳಿಗೆ ಅದೇ ಮುಖಂಡರ ಮನೆಯ ಮೇಲೆ ಅದೇ ವೈರಿ ದೇಶದ ದೀಪದ ಸರಗಳು ಮಿನುಗಿದವು. ಟಿ.ವಿ.ಗೆ ಯಾರೋ ನಟಿಯ ವಿಚ್ಛೇದನ ಸಿಕ್ಕಿತ್ತು. ನಾನು ಕಲಿಸುವ ಸಾಲೆಯ ಸ್ಟಾಫ್ ರೂಮಿನಲ್ಲಿ ಗಡಿಯ ಮಾತೆತ್ತಿದರೆ ಜನ ಆಕಳಿಸುತ್ತಿದ್ದರು. ವರ್ಷಗಟ್ಟಲೆ ಕಾದಾಡಲು ಹೊರಟವರ ತಾಳ್ಮೆ ಒಂದು ಮಳೆಗಾಲ ಬಾಳಿತು.

ತಮ್ಮನ ರಜೆ ಮತ್ತೆ ಮತ್ತೆ ರದ್ದಾಯಿತು. ಆಮೇಲೆ ಫೋನೂ ನಿಂತಿತು. ಅವ್ವ ಅನ್ನ ಬಿಟ್ಟಳು. ಬೇರೆ ದಾರಿ ಕಾಣದೆ ಅವಳನ್ನು ಕರೆದುಕೊಂಡು ಮುಖಂಡರ ಮನೆಗೇ ಹೋದೆ. ದಿಲ್ಲಿಯಲ್ಲಿ ಯಾರನ್ನಾದರೂ ಕೇಳಿ ತಿಳಿಸಿ ಎಂದೆ.

"ಇನ್ನೂ ಅಲ್ಲೇ ಅದಾನೇನು?" ಎಂದರು ಅವರು, ನಿಜವಾಗಿಯೂ ಬೆರಗಾಗಿ. "ಅದು ಮುಗದು ಭಾಳ ದಿನಾ ಆತಲ್ಲವಾ?"

"ಯಾರು ಮುಗಿಸಿದ್ರೀ?" ಎಂದಳು ಅವ್ವ. ಮುಖಂಡರು ಚಹಾ ತರಲು ಒಳಗೆ ಕೂಗಿದರು. ಚಹಾ ಬಂತು, ನಾವು ಕುಡಿಯದೆ ಎದ್ದು ಬಂದೆವು.

ಇನ್ನೊಂದು ಚಳಿಗಾಲ ಕಳೆದ ಮೇಲೆ ತಮ್ಮ ಬಂದ. ಹಿಮ ಬಲಗಾಲಿನ ಬೆರಳುಗಳನ್ನು ತಿಂದಿತ್ತು. ಚುನಾವಣೆ ಹತ್ತಿರವಿತ್ತು, ಹಾಗಾಗಿ ಮುಖಂಡರಿಗೆ ನಮ್ಮ ಮನೆಯ ದಾರಿ ಮತ್ತೆ ನೆನಪಾಯಿತು.

"ಗಡಿಯಾಗ ನಮ್ಮ ತಾಳ್ಮಿ ಗೆದ್ದೈತಿ. ನೀ ವೇದಿಕಿ ಮ್ಯಾಲೆ ಬಂದು ನಿಲ್ಲಬೇಕು ತಮ್ಮಾ," ಎಂದರು.

"ಭಾಳ ಹೊತ್ತು ನಿಲ್ಲಾಕ ಆಗೂದಿಲ್ರಿ."

"ಅದಕ್ಕೇನ್, ಕುರ್ಚಿ ಹಾಕಸ್ತೀವಿ."

ಒಳಗಿನಿಂದ ಅವ್ವ ಬಂದಳು. "ಕುರ್ಚಿ ನಿಮಗಾ ಇರ್ಲಿರಿ. ಈಗ ಹೊರಗ ನಡೀರಿ," ಎಂದು ಬಾಗಿಲ ಕಡೆ ಕೈ ತೋರಿಸಿದಳು. ಅವಳು ಹಾಗೆ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಅವರು ಹೋದ ಮೇಲೆ ನಾನು ಊರನ್ನೆಲ್ಲ ಬೈಯುತ್ತ ಕುಳಿತೆ. ತಮ್ಮ ನಕ್ಕ.

"ಅಕ್ಕಾ, ಇವರು ಒದರೂ ತನಕ ನಮ್ಮ ಸಾಹೇಬರಿಗೆ ಒಂದು ಹೆಜ್ಜಿ ಹಿಂದ ಸರಿಯಾಕ ಹುಕುಂ ಬರ್ಲಿಲ್ಲ. ಸರಿದ್ರ ದಿಲ್ಲ್ಯಾಗಿನವರ ಮರ್ಯಾದಿ ಹೋಗ್ತಿತ್ತು. ಇವರು ಮರತ ಮ್ಯಾಲೆ ಮಾತುಕತಿ ಆತು, ಎರಡೂ ಕಡಿಯವರು ಸುಮ್ನ ಇಳದು ಬಂದ್ವಿ. ಇನ್ನಷ್ಟು ಲಗೂನ ಮರತಿದ್ರ ನನ್ನ ಬೆರಳು ಉಳೀತಿದ್ವು."

ನನಗೆ ನಗು ಬರಲಿಲ್ಲ. ಅವರ ಕೂಗಿಗೆ ಬೆಲೆ ತೆತ್ತವನೂ ಅವನೇ, ಅವರು ಮರೆಯುವ ತನಕ ಕಾದವನೂ ಅವನೇ. ರಜೆ ಮುಗಿದ ಮೇಲೆ ಅವನಿಗೆ ಬಯಲುಸೀಮೆಯ ಉಗ್ರಾಣವೊಂದರಲ್ಲಿ ಕೆಲಸ ಕೊಟ್ಟರು. ಮುಖಂಡರು ಆ ಚುನಾವಣೆ ಗೆದ್ದರು.