ಬೆಂಕಿ ಕಾಣದ ಒಲೆ

ಇಚಲಕರಂಜಿಯ ಮಗ್ಗದ ಶೆಡ್ಡುಗಳ ಹಿಂದಿನ ಗಲ್ಲಿಗೆ ಬಂದು ರೊಟ್ಟಿ ಕಾಂಚನಕ್ಕನ ಮನೆ ಯಾವುದೆಂದು ಕೇಳಿದರೆ ಯಾರೂ ಬಾಯಿಮಾತಿನಲ್ಲಿ ದಾರಿ ಹೇಳುತ್ತಿರಲಿಲ್ಲ. ಮಗ್ಗಗಳ ಸದ್ದಿನಲ್ಲಿ ಅಲ್ಲಿ ಮಾತು ಕೇಳಿಸುವುದಿಲ್ಲ. ಕೈ ಚಾಚಿ ಬಾಗಿಲು ತೋರಿಸುತ್ತಿದ್ದರು. ಆಮೇಲೆ ಎರಡೂ ಅಂಗೈಗಳಿಂದ ಗಾಳಿಯಲ್ಲಿ ರೊಟ್ಟಿ ಬಡಿದಂತೆ ಮಾಡುತ್ತಿದ್ದರು. ಆ ಗಲ್ಲಿಯಲ್ಲಿ ಅವಳ ಹೆಸರೇ ಅದಾಗಿತ್ತು.

ಕಾಂಚನ ಉದಗಾಂವದ ರೈತರ ಮನೆಯ ಮಗಳು. ಮದುವೆಯಾಗಿ ಬಂದ ಮೇಲೆ ಬಹಳ ವರ್ಷ ಶೆಡ್ಡಿನಲ್ಲಿ ಕಾಂಡಿ ಸುತ್ತಿದಳು. ಮಗ್ಗದ ಲಾಳಿಗೆ ಹಾಕುವ ಕಡ್ಡಿಗಳಿಗೆ ನೂಲು ಸುತ್ತುವ ಕೆಲಸ ಅದು. ಕೈಗೆ ಹಗುರ, ಕಿವಿಗೆ ಭಾರ. ಅವಳ ಕಿವಿ ಮಂದವಾಗತೊಡಗಿದಾಗ ಗಂಡ ಪಾರೀಸ, ತಾನೂ ಅದೇ ಶೆಡ್ಡಿನಲ್ಲಿ ಮಗ್ಗ ದುರಸ್ತಿ ಮಾಡುವವನು, "ಇನ್ನ ಸಾಕು ಬಿಡು. ದೇವರು ನಿನ್ನ ಕೈಯಾಗ ರೊಟ್ಟಿ ಇಟ್ಟಾನ, ಅದನ್ನ ಮಾಡು" ಅಂದ. ಅಂದಿನಿಂದ ಊರು ಬಿಟ್ಟು ಬಂದ ಕಾಮಗಾರರೆಲ್ಲ ಅವಳ ಜೋಳದ ರೊಟ್ಟಿ ಉಂಡೇ ಪಾಳಿಗೆ ಹೋಗುತ್ತಿದ್ದರು.

ಅವಳ ರೊಟ್ಟಿಯ ಗುಟ್ಟು ಕೊನೆಯ ಕ್ಷಣದಲ್ಲಿತ್ತು. ಹಂಚಿನ ಮೇಲೆ ಎರಡೂ ಮಗ್ಗಲು ಬೆಂದ ಮೇಲೆ ಹಂಚನ್ನು ಪಕ್ಕಕ್ಕೆ ಸರಿಸಿ, ರೊಟ್ಟಿಯನ್ನು ನೇರ ಉರಿಗೆ ಹಿಡಿಯುತ್ತಿದ್ದಳು. ಅದು ಮಲಗಿದ ಕೂಸು ಉಸಿರೆಳೆದಂತೆ ಮೆಲ್ಲಗೆ ಉಬ್ಬುತ್ತಿತ್ತು. ಹಿಟ್ಟು ನಾದುವ ಪರಾತದಲ್ಲಿ ಉಳಿದ ಕೊನೆಯ ಮುದ್ದೆಯಲ್ಲಿ ಅಂಗೈಯಗಲದ ಒಂದು ರೊಟ್ಟಿ ಆಗುತ್ತಿತ್ತು. ಅದು ಮೊಮ್ಮಗಳು ಮನಾಲಿಯದು. ಹುಡುಗಿ ಮಣೆಯ ಮೇಲೆ ಕೂತು, "ಆಯೀ, ಹೊಟ್ಟಿ ಬಂತು, ಹೊಟ್ಟಿ ಬಂತು" ಎಂದು ಹೇಳಿದರೆ ರೊಟ್ಟಿ ಆದಂತೆ.

ಕೊರೊನಾದ ಎರಡನೆಯ ಅಲೆಯಲ್ಲಿ ಗಂಡಹೆಂಡಿರಿಬ್ಬರೂ ಮಲಗಿದರು. ಪಾರೀಸ ಏಳಲಿಲ್ಲ. ಕಾಂಚನ ಎದ್ದಳು, ಆದರೆ ಅವಳ ಮೂಗು ಏಳಲಿಲ್ಲ. ಮಲ್ಲಿಗೆ, ಇಂಗು, ಸೀದ ಹಾಲು, ಯಾವುದರ ವಾಸನೆಯೂ ಇಲ್ಲ. ಡಾಕ್ಟರು ತಾನಾಗಿಯೇ ಬರುತ್ತದೆ ಎಂದಿದ್ದರು. ಇವತ್ತು ಬಂದೀತು, ನಾಳೆ ಬಂದೀತು ಎಂದು ಅವಳು ಕಾದಳು. ಗಂಡ ಸತ್ತ ಮನೆಯಲ್ಲಿ ಮೂಗಿನ ಮಾತು ಎತ್ತುವುದು ಹೇಗೆ? ಆಮೇಲೆ ಮನಾಲಿ ಹುಟ್ಟಿದಳು, ಮನೆಯಲ್ಲಿ ನಗು ಬಂತು. ಆಗಲೂ ಎತ್ತಲಿಲ್ಲ. ಮೂಗಿನ ಕೆಲಸವನ್ನು ಕಣ್ಣಿಗೆ ಕಲಿಸಿಕೊಂಡಳು. ರೊಟ್ಟಿಯ ಅಂಚಿನ ಬಣ್ಣ ನೋಡಿ ತಿರುವಿ ಹಾಕುತ್ತಿದ್ದಳು. ಒಗ್ಗರಣೆಯ ಸಾಸಿವೆ ಕುಣಿಯುವುದನ್ನು ನೋಡಿ ಉರಿ ತಗ್ಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿತ್ತು. ಬಾಗಿಲಿಗೆ ರಾಮಲಿಂಗ ಬಂದಿದ್ದ. ಪಕ್ಕದ ಶೆಡ್ಡಿನವನು, ಮೊದಲಿನಿಂದಲೂ ಇವಳ ರೊಟ್ಟಿಯ ಗಿರಾಕಿ. "ಮಾವಶಿ, ಇವತ್ತ ಎರಡ ಹೆಚ್ಚಿಗಿ ಕೊಡ್ರಿ. ನನ್ನ ಹೊಟ್ಟ್ಯಾಗೂ ಮಗ್ಗ ಚಾಲೂ ಆಗೇತಿ" ಅಂದ. ಅವಳು ನಗುತ್ತ ರೊಟ್ಟಿ ಸುತ್ತಿ ಕೊಟ್ಟಳು. ಅಷ್ಟರಲ್ಲಿ ಹಾಲು ಉಕ್ಕಿ ಉರಿಯನ್ನು ಆರಿಸಿತ್ತು. ಗ್ಯಾಸು ಸದ್ದಿಲ್ಲದೆ ಹರಿಯುತ್ತಿತ್ತು. ತಿರುಗಿ ಬಂದವಳಿಗೆ ಉರಿ ಕಾಣಲಿಲ್ಲ. ಹಾಲು ಉಕ್ಕುವಾಗ ತಾನೇ ಬಂದ್ ಮಾಡಿ ಬಾಗಿಲಿಗೆ ಹೋಗಿದ್ದೆ ಅಂದುಕೊಂಡಳು. ಚೆಲ್ಲಿದ ಹಾಲನ್ನು ಒರೆಸಿ, ಪಕ್ಕದ ಬರ್ನರ್ ಹಚ್ಚಲು ಲೈಟರ್ ಒತ್ತಿದಳು.

ಒಲೆಯ ಸುತ್ತ ಒಮ್ಮೆಲೇ ಬೆಂಕಿ ಎದ್ದು ಇಳಿಯಿತು. ಅವಳ ಕೈ ಸುಟ್ಟಿತು. ಮಣೆಯ ಮೇಲಿದ್ದ ಮನಾಲಿಯ ಮುಂಗೂದಲು ಹೊತ್ತಿತು. ಕಾಂಚನ ಸುಟ್ಟ ಕೈಯಿಂದಲೇ ಉಜ್ಜಿ ಆರಿಸಿದಳು. ಹುಡುಗಿಯ ಒಂದು ಹುಬ್ಬು ಹೋಗಿತ್ತು, ಹಣೆಯ ಮೇಲೆ ಗುಳ್ಳೆ ಎದ್ದಿತ್ತು.

ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಸೊಸೆ ಸೋನಲ ಓಡಿ ಬಂದಳು. ಆಸ್ಪತ್ರೆಗೆ ಹೋಗಿ ಬಂದು, ಮಗಳು ಮಲಗಿದ ಮೇಲೆ, ಅವಳು ಅತ್ತೆಯ ಮುಂದೆ ಕೂತಳು.

"ಅತ್ತಿ, ನನಗ ಹಿತ್ತಲದಾಗ ವಾಸ್ನಿ ಬಂತು. ನಿಮಗ ಒಲಿ ಮುಂದ ಬರಲಿಲ್ಲೇನ್ರಿ?"

"ನನಗ ಯಾವ ವಾಸ್ನೀನೂ ಬರಂಗಿಲ್ಲವ್ವಾ."

"ಯಾವಾಗಿಂದ?"

"ನಿಮ್ಮ ಮಾವ ಹೋದಾಗಿಂದ."

ಸೋನಲ ಬೈಯಲಿಲ್ಲ. ಮಲಗಿದ ಮಗಳ ಕಡೆಗೆ ನೋಡಿದಳು. "ಅಂದ್ರ ಇಕಿ ಹುಟ್ಟೂಕಿಂತ ಮೊದಲಿಂದ" ಎಂದಳು, ಅಷ್ಟೇ. ಆ ಹುಡುಗಿ ಒಲೆಯ ಮುಂದೆ ಕೂತ ಬೆಳಗುಗಳೆಲ್ಲ ಸೊಸೆಯ ಕಣ್ಣ ಮುಂದೆ ಹಾದುಹೋದವೆಂದು ಕಾಂಚನಳಿಗೆ ತಿಳಿಯಿತು.

ಮಗ ಸಮ್ಮೇದ ಗ್ಯಾಸು ಸೋರಿದರೆ ಕೂಗುವ ಯಂತ್ರವೊಂದನ್ನು ತಂದು ಗೋಡೆಗೆ ಜಡಿದ. ಅದರ ಗುಂಡಿ ಒತ್ತಿ ಪರೀಕ್ಷೆ ಮಾಡಿದ. ಯಂತ್ರದ ಕೆಂಪು ದೀಪ ಹತ್ತಿತು, ಅದು ಕೂಗುತ್ತಲೇ ಇತ್ತು. ಗೋಡೆಯಾಚೆ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಕಾಂಚನ ಅದಕ್ಕೆ ಬೆನ್ನು ಮಾಡಿ ಜೋಳ ಹಸನು ಮಾಡುತ್ತ ಕೂತಿದ್ದಳು. ಅವಳು ತಿರುಗಲಿಲ್ಲ. ಸಮ್ಮೇದ, ಸೋನಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರುದಿನ ಸೋನಲ ಮಗಳನ್ನು ಕರೆದುಕೊಂಡು ಗಡಹಿಂಗ್ಲಜದ ತವರಿಗೆ ಹೊರಟಳು. ಹೊಸ್ತಿಲಲ್ಲಿ ಅತ್ತೆಯ ಕಾಲು ಮುಟ್ಟಿದಳು. "ಸಿಟ್ಟಿಲ್ರಿ ಅತ್ತಿ. ಮನ್ಯಾಗಿಂದ ಗ್ಯಾಸ್ ಹೋಗ್ಲಿ, ನಾವು ಬರತೇವಿ" ಅಂದಳು. ಮನಾಲಿ, "ಆಯೀ, ನನ್ನ ರೊಟ್ಟಿ ಇಡು, ಬಂದು ತಿಂತೇನಿ" ಅಂದಳು.

ಮನಾಲಿ ತಿರುಗಿ ಬರಬೇಕು. ಕಾಂಚನಳಿಗೆ ಅದೊಂದೇ ಬೇಕಾಗಿತ್ತು. ಅದಕ್ಕಾಗಿಯೇ ಅವಳು ಮಗನ ಜೊತೆ ಕೊಲ್ಹಾಪುರಕ್ಕೆ ಒಲೆ ಕೊಳ್ಳಲು ಹೋದಳು. ಹೋಗುವಾಗ ತನ್ನ ಕಬ್ಬಿಣದ ಹಂಚನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡಳು.

ಅಂಗಡಿಯ ಕಾಕಾಸಾಹೇಬ ಗಡಹಿಂಗ್ಲಜ ಕಡೆಯ ಮಾತುಗಾರ ಮನುಷ್ಯ. ಗಂಟು ಬಿಚ್ಚಿದ್ದನ್ನು ನೋಡಿ, "ಮಂದಿ ಅಡಿಗಿ ಕಟ್ಟಿ ಅಳತಿ ತರತಾರ. ನೀವು ಸಂಸಾರನಾ ಹೊತಗೊಂಡು ಬಂದೀರಲ್ರಿ" ಅಂದ. ಆದರೆ ವಿಷಯ ಕೇಳಿದ ಮೇಲೆ ನಗುವುದನ್ನು ಬಿಟ್ಟು, ಒಂದೊಂದಾಗಿ ತೋರಿಸಿದ.

ಮೊದಲು ತೋರಿಸಿದ್ದು ಗಾಜಿನ ಮೈಯ ಗ್ಯಾಸಿನ ಒಲೆ. ಬರ್ನರಿನ ಪಕ್ಕದಲ್ಲಿ ಸಣ್ಣ ಕಡ್ಡಿಯೊಂದು ನಿಂತಿತ್ತು. "ಉರಿ ಆರಿತಂದ್ರ ಇದಕ್ಕ ತಂಪು ಹತ್ತತೈತಿ, ಗ್ಯಾಸ್ ತಾನಾ ಬಂದ್ ಆಗತೈತಿ. ನಿಮ್ಮ ಹಾಲು ಇದರ ಮ್ಯಾಲ ಉಕ್ಕಿದ್ರ ಏನೂ ಆಗತಿದ್ದಿಲ್ಲ." ಅವನು ಹಚ್ಚಿ, ಗಾಳಿ ಹಾಕಿ ಆರಿಸಿ ತೋರಿಸಿದ. ನೀಲಿ ಉರಿ ಕಂಡೊಡನೆ ಕಾಂಚನಳ ಕೈ ತಾನಾಗಿಯೇ ಹಂಚಿನ ಕಡೆಗೆ ಹೋಯಿತು. ಇಂಥದೊಂದು ಒಲೆ ಜಗತ್ತಿನಲ್ಲಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಸಮ್ಮೇದ ಅಲ್ಲಿಂದಲೇ ಹೆಂಡತಿಗೆ ವಿಡಿಯೋ ಕಾಲ್ ಮಾಡಿ ಒಲೆ ತೋರಿಸಿದ. ಸೋನಲ ಎಲ್ಲ ಕೇಳಿಸಿಕೊಂಡಳು.

"ಕಾಕಾ, ಪೈಪ್ ಸೋರಿದ್ರ?"

ಕಾಕಾಸಾಹೇಬ ತಲೆ ಕೆರೆದುಕೊಂಡ. ಸುಳ್ಳು ಹೇಳಿದ್ದರೆ ಒಲೆ ಮಾರಿಹೋಗುತ್ತಿತ್ತು. "ಅದನ್ನ ಇದು ಹಿಡಿಯಂಗಿಲ್ಲವ್ವಾ. ಅದಕ್ಕ ಮೂಗಾ ಬೇಕು" ಅಂದ.

ಫೋನಿನಲ್ಲಿ ಸೋನಲಳ ಹೆಗಲ ಹಿಂದೆ ಮನಾಲಿ ಕಂಡಳು, ಅರ್ಧ ಹುಬ್ಬಿನ ಮುಖ. ಕಾಂಚನ ತಾನೇ ಗುಂಡಿ ತಿರುವಿ ಉರಿ ಆರಿಸಿದಳು. "ಕರೆಂಟಿಂದು ತೋರಸ್ರಿ."

ಕರೆಂಟಿನಲ್ಲಿ ಎರಡು ಬಗೆ. ಒಂದು, ಗಾಜಿನ ಕೆಳಗೆ ಕೆಂಡದಂತೆ ಕೆಂಪಾಗುವುದು. ಅದಕ್ಕೆ ಯಾವ ಪಾತ್ರೆಯಾದರೂ ನಡೆಯುತ್ತದೆ. ಕಾಂಚನ ಹಂಚಿಟ್ಟಳು, ಹಂಚು ಕಾಯಿತು. "ಹಂಚು ತಗದು ರೊಟ್ಟಿ ಗಾಜಿನ ಹತ್ತರ ಹಿಡದ್ರ ಸಣ್ಣಂಗ ಉಬ್ಬೀತು" ಎಂದು ಕಾಕಾಸಾಹೇಬನೂ ಒಪ್ಪಿದ. ಅವಳ ಮುಖ ಅರಳಿತು. ಅವನು ಒಲೆ ಬಂದ್ ಮಾಡಿದ. ಕೆಂಪು ಮೆಲ್ಲಗೆ ಹೋಗಿ ಗಾಜು ಮೊದಲಿನಂತೆ ಕಪ್ಪಾಯಿತು. ಕಾಂಚನ ಮುಟ್ಟಲು ಕೈ ಚಾಚಿದಳು. ಅವನು ಗಪ್ಪನೆ ಅವಳ ಮಣಿಕಟ್ಟು ಹಿಡಿದ.

"ಬಣ್ಣ ಹೋಗೇತಿ, ಬಿಸಿ ಹೋಗಿಲ್ರಿ. ಇನ್ನೂ ಭಾಳ ಹೊತ್ತು ಸುಡತೈತಿ."

ಕಪ್ಪು ಗಾಜಿನ ಮೇಲೆ ಒಂದು ಪುಟ್ಟ ಅಂಗೈ ಊರಿದಂತೆ ಅವಳಿಗೆ ಕಂಡಿತು. "ಇದೂ ಬ್ಯಾಡ."

ಉಳಿದದ್ದು ಇಂಡಕ್ಷನ್. ಪಾತ್ರೆ ಮಾತ್ರ ಕಾಯುತ್ತದೆ. ಪಾತ್ರೆ ಎತ್ತಿದರೆ ಒಲೆ ತಾನಾಗಿಯೇ ನಿಲ್ಲುತ್ತದೆ, ಗಾಜೂ ಬೇಗ ತಣ್ಣಗಾಗುತ್ತದೆ. ಮಕ್ಕಳು ಒತ್ತಬಾರದೆಂದು ಒಂದು ಲಾಕ್ ಕೂಡ ಇದೆ. "ಈ ಚಾವಿ ಗುರ್ತು ಒತ್ತಿ ಹಿಡದ್ರ ಬಂದ್, ಮತ್ತ ಒತ್ತಿ ಹಿಡದ್ರ ಚಾಲೂ" ಎಂದು ಅವನು ಅವಳ ಬೆರಳನ್ನೇ ಹಿಡಿದು ಕಲಿಸಿದ. ಒತ್ತಿ ಹಿಡಿದಾಗಲೆಲ್ಲ ಒಲೆ ಕುಂಯ್ ಎನ್ನುತ್ತಿತ್ತು. ಕಾಂಚನ ಹಂಚನ್ನು ಅದರ ಮೇಲಿಟ್ಟಳು. ವರ್ಷಗಟ್ಟಲೆ ಉರಿ ಉಂಡ ಹಂಚಿನ ತಳ ಬಟ್ಟಲಿನಂತೆ ಬಾಗಿತ್ತು. ಅದು ಸಪಾಟಾಗಿ ಕೂರಲಿಲ್ಲ. ಒಲೆ ಕುಂಯ್‌ಗುಟ್ಟಿ ಸುಮ್ಮನಾಯಿತು.

"ಹೊಸ ಹಂಚು ಬೇಕಾಗತೈತ್ರಿ, ಸಪಾಟಂದು. ಆದರ ನಿಮ್ಮಂಗ ಉರಿಗೆ ಹಿಡಿಯಾಕ ಇದರಾಗ ಉರೀನಾ ಇಲ್ಲ. ಮೊದಲಾ ಹೇಳತೇನಿ."

"ಹುಡುಗಿಗೆ ಏನೂ ಆಗಂಗಿಲ್ಲಲಾ?"

"ಇಲ್ರಿ."

"ಹಂಗಾರ ಇದನ್ನಾ ಕಟ್ಟ್ರಿ."

ಸಮ್ಮೇದ, "ಅವ್ವಾ, ನಿನ್ನ ರೊಟ್ಟಿ?" ಅಂದ. ಅವಳು ಹಂಚನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತುತ್ತಿದ್ದಳು.

ಗ್ಯಾಸಿನ ಸಿಲಿಂಡರ್ ಮನೆಯಿಂದ ಹೋಯಿತು. ಹೊಸ ಒಲೆಯ ಮೇಲೆ ಹೊಸ ಹಂಚಿಟ್ಟು ಕಾಂಚನ ರೊಟ್ಟಿ ಬಡಿದಳು. ನಡುವೆ ಬೆಂದು ಅಂಚು ಹಸಿ ಉಳಿಯುತ್ತಿತ್ತು. ಬಟ್ಟೆಯಿಂದ ಒತ್ತಿ ನೋಡಿದಳು, ಅಲ್ಲಲ್ಲಿ ಗುಳ್ಳೆ ಎದ್ದು ಕೂತವು. ಉರಿಯನ್ನು ನೋಡಿ ಅಡಿಗೆ ಮಾಡಿದ ಕಣ್ಣಿಗೆ ಈಗ ನೋಡಲು ಏನೂ ಇರಲಿಲ್ಲ. ಎರಡು ಸಲ ರೊಟ್ಟಿ ಸೀದದ್ದು ಹೊಗೆ ಎದ್ದ ಮೇಲೆಯೇ ಅವಳಿಗೆ ಗೊತ್ತಾಯಿತು. ಮೊದಲು ಕರೆಂಟು ಹೋಗಿ ಮಗ್ಗ ನಿಂತರೆ ಕಾಮಗಾರರು ಬಿಸಿ ರೊಟ್ಟಿಗೆ ಬರುತ್ತಿದ್ದರು. ಈಗ ಮಗ್ಗ ನಿಂತರೆ ಅವಳ ಒಲೆಯೂ ನಿಲ್ಲುತ್ತಿತ್ತು.

ರಾಮಲಿಂಗ ಕೆಲವು ದಿನ ಬಂದ. "ಹಲ್ಲಿಗೆ ವ್ಯಾಯಾಮ ಆತ್ರಿ ಮಾವಶಿ" ಎಂದು ನಗಿಸಲು ನೋಡಿದ. ಆಮೇಲೆ ಅವನು ಗಲ್ಲಿಯ ಆ ಬದಿಯಿಂದಲೇ ಸೈಕಲ್ ಹೊಡೆಯತೊಡಗಿದ. ಕಾಂಚನ ತಪ್ಪು ತಿಳಿಯಲಿಲ್ಲ. ಮನಾಲಿ ಬರುತ್ತಾಳಲ್ಲ, ಅಷ್ಟು ಸಾಕೆಂದುಕೊಂಡಳು.

ಮನಾಲಿ ಬಂದಳು. ಹುಬ್ಬು ಮತ್ತೆ ಬೆಳೆದಿತ್ತು. ಬಂದವಳೇ ಒಳಗೆ ಓಡಿ ತನ್ನ ಮಣೆ ಹುಡುಕಿದಳು. ಸೋನಲ ಹಿಂದಿನಿಂದ ಬಂದು ಅವಳನ್ನು ಎತ್ತಿಕೊಂಡಳು. "ಇಲ್ಲಿ ಬ್ಯಾಡ, ಹೊರಗ ಆಡು." ಆಮೇಲೆ ಅತ್ತೆಯ ಕೈಯಿಂದ ಪರಾತ ತೆಗೆದುಕೊಂಡಳು. "ನೀವು ಕೂಡ್ರಿ ಅತ್ತಿ. ಇಷ್ಟ ವರ್ಷ ಮಾಡೀರಿ." ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಕಾಂಚನ ಎದುರು ಮಾತಾಡುತ್ತಿದ್ದಳು. ಹೊತ್ತು ಮುಳುಗುವುದರೊಳಗೆ ಉಣ್ಣುವ ಅತ್ತೆಗೆ ಸೋನಲ ಒಂದು ದಿನವೂ ತಡಮಾಡದೆ ಬಿಸಿ ಚಪಾತಿ ಬಡಿಸಿದಳು. ಕಾಂಚನ ಉಂಡಳು. ರುಚಿ ಯಾವುದೆಂದು ಅವಳಿಗೆ ಹೇಗೂ ತಿಳಿಯುತ್ತಿರಲಿಲ್ಲ.

ಶೆಡ್ಡುಗಳಿಗೆ ಸೂಟಿ ಇದ್ದ ಒಂದು ಬೆಳಿಗ್ಗೆ ಗಲ್ಲಿ ತೆಪ್ಪಗಿತ್ತು. ಸೋನಲ ಮಗಳನ್ನು ಅಂಗನವಾಡಿಗೆ ಬಿಡಲು ಹೊರಟಿದ್ದಳು. ಚಪ್ಪಲಿ ಮೆಟ್ಟಿದವಳು ಏನೋ ನೆನಪಾಗಿ ಅಡಿಗೆಮನೆಗೆ ತಿರುಗಿ ಹೋದಳು. ಒಳಗಿನಿಂದ ಸಣ್ಣಗೆ ಕುಂಯ್ ಎಂಬ ಸದ್ದು ಬಂತು. ಮಗ್ಗಗಳು ನಡೆಯುವ ದಿನವಾಗಿದ್ದರೆ ಅದು ಕಾಂಚನಳಿಗೆ ಎಂದೂ ಕೇಳಿಸುತ್ತಿರಲಿಲ್ಲ. ತಾಯಿ ಮಗಳು ಹೋದರು.

ಕಾಂಚನ ಎದ್ದು ಹೋಗಿ ಚಹಾದ ನೀರಿಟ್ಟು ಗುಂಡಿ ಒತ್ತಿದಳು. ಒಲೆ ಹತ್ತಲಿಲ್ಲ. ಗಾಜಿನ ಮೇಲೆ ಚಾವಿಯ ಗುರುತು ಕೆಂಪಗೆ ಹೊಳೆಯುತ್ತಿತ್ತು. ಮಕ್ಕಳು ಒತ್ತಬಾರದೆಂದು ಇರುವ ಲಾಕ್.

ಮನೆಯಲ್ಲಿ ಮಕ್ಕಳು ಯಾರೂ ಇರಲಿಲ್ಲ.

ಅದನ್ನು ತೆಗೆಯುವುದು ಅವಳಿಗೆ ಬರುತ್ತಿತ್ತು. ಕಾಕಾಸಾಹೇಬ ಬೆರಳು ಹಿಡಿದು ಕಲಿಸಿದ್ದ. ಬೆರಳು ಚಾವಿಯ ತನಕ ಹೋಯಿತು, ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅವಳು ನೀರಿನ ಪಾತ್ರೆಯನ್ನು ಕೆಳಗಿಳಿಸಿ, ಗಾಜಿನ ಮೇಲೆ ಬಿದ್ದ ಹನಿಯನ್ನು ಸೆರಗಿನಿಂದ ಒರೆಸಿದಳು. ಸೊಸೆಗೆ ತಾನು ಮುಟ್ಟಿದ್ದು ಗೊತ್ತಾಗಬಾರದೆಂದು.

ಸೋನಲ ತಿರುಗಿ ಬಂದಾಗ ಅತ್ತೆ ಹೊಸ್ತಿಲ ಬದಿಗೆ ಕೂತಿದ್ದಳು.

"ಚಹಾ ಕುಡದ್ರೇನ್ರಿ?"

"ಇಲ್ಲವ್ವಾ. ನೀ ಬರಲಿ ಅಂತ ಕುಂತಿದ್ನಿ."

"ಶಾಣ್ಯಾ ಇದೀರಿ" ಅಂದಳು ಸೋನಲ, ಮನಾಲಿಗೆ ಅನ್ನುವ ಅದೇ ದನಿಯಲ್ಲಿ, ಮತ್ತು ಒಳಗೆ ಹೋದಳು. ಒಲೆ ಕುಂಯ್ ಎಂದಿತು.