ಹುಳು ಮನೆಯ ಮೈಕು, ಸೊಸೆಯ ಸಾರು

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಹಾಕಿದ ಬೆಳೆಯ ಕಥೆ ಇದು. ಹೋಳೂರು ಬಳಿಯ ನಮ್ಮ ತೋಟದಲ್ಲಿ ರೇಷ್ಮೆ ಹುಳು ಸಾಕುವುದು ಮದುವೆಯಾಗಿ ಬಂದಾಗಿನಿಂದ ನನ್ನ ಕೆಲಸ. ಆ ಸಲ ಮಂಡಿ ನೋವು ಬಂದು ಹುಳು ಮನೆಯ ಕೆಲಸವೆಲ್ಲ ಕೂಲಿಗೆ ಬರುವ ಮುನಿಯಮ್ಮನ ಮೇಲೆ ಬಿತ್ತು. ಅವಳೂ ನಾನೂ ಒಟ್ಟಿಗೇ ಸೊಪ್ಪು ಹಾಸುತ್ತಾ ಕೂದಲು ನರೆಸಿಕೊಂಡವರು.

ಹುಳುವಿನ ಆರೋಗ್ಯವನ್ನು ನಾನು ತಿಳಿಯುವುದು ಕಿವಿಯಿಂದ. ನಾಲ್ಕನೇ ಜ್ವರ, ಅಂದರೆ ಹುಳು ಕಡೆಯ ಸಲ ಪೊರೆ ಬಿಡುವುದು ಮುಗಿದ ಮೇಲೆ, ಅದು ಸೊಪ್ಪು ತಿನ್ನುವ ಸದ್ದು ಶೀಟಿನ ಮೇಲೆ ಸಣ್ಣ ಮಳೆ ಹುಯ್ದ ಹಾಗಿರುತ್ತದೆ. ಸದ್ದು ಕುಗ್ಗಿದರೆ ರೋಗ, ಇಲ್ಲವೇ ಗೂಡು ಕಟ್ಟುವ ಹೊತ್ತು. ಹಾಲಿನ ಡೈರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಸೊಸೆ ಶೋಭಾ ನನಗಾಗಿ ಒಂದು ಉಪಾಯ ಮಾಡಿದಳು. ಹಳೇ ಲ್ಯಾಪ್‌ಟಾಪಿಗೆ ಮೈಕು ಸಿಕ್ಕಿಸಿ ಹುಳು ಮನೆಯಲ್ಲಿಟ್ಟಳು. ಅಲ್ಲಿನ ಸದ್ದು ಮನೆಯ ವೈಫೈ ಮೂಲಕ ನಡುಮನೆಯ ಕಂಪ್ಯೂಟರಿಗೆ ಬರುತ್ತದೆ, ಕೂತಲ್ಲೇ ಕೇಳಬಹುದು ಎಂದಳು.

ಕೂತು ಕೇಳಿದೆ. ಮುನಿಯಮ್ಮ ಕೆಮ್ಮಿದ್ದು, ತಮ್ಮನ ಹೆಂಡತಿಯನ್ನು ಬೈದದ್ದು ಎಲ್ಲ ಸ್ಪಷ್ಟ. ಹುಳುವಿನ ಸದ್ದು ಮಾತ್ರ ಚೂರೂ ಇಲ್ಲ. ಮುನಿಯಮ್ಮನನ್ನು ಕರೆದು ಕೇಳಿದರೆ, ಚೆನ್ನಾಗಿಯೇ ಮೇಯುತ್ತಿವೆಯಲ್ಲ ಎಂದಳು. ಹುಳುವನ್ನು ಬಿಟ್ಟು ಹೆಂಗಸರ ಮಾತನ್ನಷ್ಟೇ ಹಿಡಿಯುವ ಯಂತ್ರವನ್ನು ಯಾತಕ್ಕೆ ಇಟ್ಟಿರುತ್ತಾರೆ? ನನಗೆ ಬಂದ ಅನುಮಾನ ಅವಳಿಗೂ ಬಂತು.

“ಏಮಕ್ಕಾ, ನಮ್ಮ ಮಾತು ಕದ್ದು ಕೇಳೋಕೆ ಇಟ್ಟವ್ಳೆ ನಿನ್ನ ಸೊಸೆ. ನಾಳೆಯಿಂದ ನಾನು ಬರಲ್ಲ.”

ಆ ಕಡೆಯ ದಿನಗಳಲ್ಲಿ ಹುಳುವಿಗೆ ಹಸಿವು ಜಾಸ್ತಿ. ಅವಳು ಕೈಬಿಟ್ಟರೆ ಬೆಳೆ ಹೋದಂತೆಯೇ. ತಡಿ, ಮೊದಲು ಪರೀಕ್ಷೆ ಮಾಡೋಣ ಎಂದೆ. ಮಾರನೇ ದಿನ ಭಾನುವಾರ, ಶೋಭಾ ಮನೆಯಲ್ಲೇ ಇದ್ದಳು. ನಾನು ಕೋಲೂರಿಕೊಂಡು ಹೋಗಿ ಮೈಕಿನ ಮುಂದೆ ನಿಂತೆ. ಸೊಸೆಯ ಸಾರಿಗೆ ವಿಪರೀತ ಉಪ್ಪು ಎಂದು ನಾನು ಶುರು ಮಾಡಿದೆ. ಅವಳ ತಾಯಿಯ ಕೈಯೂ ಹಾಗೆಯೇ ಎಂದು ಮುನಿಯಮ್ಮ ಮುಗಿಸಿದಳು.

ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತೆವು. ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟೆ. ಉಪ್ಪೇ ಇಲ್ಲ.

“ಕದ್ದು ಕೇಳ್ತಿದ್ಯೇನೇ?” ಎಂದೆ.

“ಕೇಳಿಸ್ತು ಅತ್ತೆ. ಹುಳದ ಸದ್ದು ಯಾಕೆ ಬರ್ತಿಲ್ಲ ಅಂತ ಬೆಳಿಗ್ಗೆಯಿಂದ ಕಂಪ್ಯೂಟರ್ ಮುಂದೇನೇ ಕೂತಿದ್ದೆ. ನೀವಿಬ್ರೂ ನಮ್ಮಮ್ಮನ ಅಡುಗೆಮನೆ ತನಕ ಹೋಗಿ ಬಂದ್ರಿ.”

ಮುನಿಯಮ್ಮ ಉಪ್ಪಿನ ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು.

ಊಟವಾದ ಮೇಲೆ ಶೋಭಾ ನಮ್ಮಿಬ್ಬರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿ ವಿವರಿಸಿದಳು. ಸದ್ದು ಕಳಿಸುವುದು ಮನುಷ್ಯರು ಮಾತಾಡಲೆಂದು ಮಾಡಿದ ಪ್ರೋಗ್ರಾಂ. ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಗಲಾಟೆಯೆಂದು ತಿಳಿದು ಅಳಿಸಿಬಿಡುತ್ತದೆ. ಇದಕ್ಕೆ ನಾಯ್ಸ್ ಸಪ್ರೆಶನ್ ಎನ್ನುತ್ತಾರಂತೆ. ನಮ್ಮೆದುರಿಗೇ ಅದನ್ನು ಆಫ್ ಮಾಡಿದಳು. ನಡುಮನೆ ತುಂಬಾ ಮಳೆ ಹುಯ್ಯಿತು. ಮುನಿಯಮ್ಮ ಒಣಹಾಕಿದ್ದ ರಾಗಿ ತೆಗೆಯಲು ಎದ್ದೇಬಿಟ್ಟಳು.

ನಕ್ಕೆವು, ಆದರೆ ಅನುಮಾನ ಪೂರ್ತಿ ಹೋಗಲಿಲ್ಲ. ಹುಳುವಿನ ಜೊತೆ ನಮ್ಮ ಮಾತೂ ಬರುತ್ತದಲ್ಲ? ಮುನಿಯಮ್ಮ ಅದನ್ನೇ ಹಿಡಿದಳು.

“ಅದರ ಸ್ವಿಚ್ಚು ನನ್ನ ಕೈಯಾಗಿದ್ರೆ ಬರ್ತೀನಿ, ಇಲ್ಲಾಂದ್ರೆ ಇಲ್ಲ.”

ಶೋಭಾ ಒಪ್ಪಿದಳು. ಒಳಗೆ ಹೋಗುವಾಗ ಮೈಕು ಆಫ್, ಹೊರಗೆ ಬರುವಾಗ ಆನ್. ಒಂದೇ ಸಲ ಹೇಳಿಕೊಟ್ಟದ್ದಕ್ಕೆ ಮುನಿಯಮ್ಮ ಕಲಿತಳು, ಕೆಲಸಕ್ಕೂ ನಿಂತಳು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಕಂಪ್ಯೂಟರಿನ ಮಳೆ ತೆಳ್ಳಗಾಯಿತು. ಮುನಿಯಮ್ಮನನ್ನು ಓಡಿಸಿದೆ. ಅವಳು ಅಂಗೈಯಲ್ಲಿ ಒಂದು ಹುಳು ತಂದು ಬೆಳಕಿಗೆ ಹಿಡಿದಳು. ಗಾಜಿನಂತೆ ಹಳದಿಯಾಗಿ ಹೊಳೆಯಿತು.

“ಹಣ್ಣಾಗವೆ ಅಕ್ಕಾ.”

ರೋಗವಲ್ಲ. ಆ ದಿನವೇ ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಬೆಳೆ ಕೈಗೆ ಬಂತು.

ಕೆಲಸದ ಜಾಗದಲ್ಲಿ ಕಿವಿ ಇಟ್ಟರೆ ಅದರ ಸ್ವಿಚ್ಚು ಅಲ್ಲಿ ದುಡಿಯುವವರ ಕೈಯಲ್ಲಿರಬೇಕು. ನಾನು ಈ ವಯಸ್ಸಿನಲ್ಲಿ ಕಲಿತದ್ದು ಅದು. ಈಗ ಮತ್ತೊಂದು ಬೆಳೆ ಮೇಯುತ್ತಿದೆ, ಸಾರಿಗೆ ಮಾತ್ರ ಇನ್ನೂ ಸರಿಯಾಗಿ ಉಪ್ಪು ಬೀಳುತ್ತಿಲ್ಲ. ನಾಳೆ ಒಳಗೆ ಹೋದಾಗ ಉಪ್ಪಿನ ಮಾತು ಮುಗಿಯುವ ತನಕ ಮೈಕು ಆಫ್ ಮಾಡಬೇಡ ಎಂದು ಮುನಿಯಮ್ಮನಿಗೆ ಹೇಳಿದ್ದೇನೆ.