ಮುನೇಶ್ವರ ಸ್ವಾಮಿ ಹಿಂದಕ್ಕೆ ಕೊಟ್ಟ ಗಂಟು

ಹೋದ ವರ್ಷ ಶ್ರಾವಣದಲ್ಲಿ ನಮ್ಮ ಹಸು ಗೌರಿ ಸಾಯುವ ಹಾಗಾಗಿದ್ದಳು. ಹಾಗೆ ಮಾಡಿದವಳು ನಾನೇ. ಮೊದಲೇ ಹೇಳಿಬಿಡುತ್ತೇನೆ, ಭಕ್ತರು ಓದುವ ಕಡೆ ಮುಚ್ಚಿಟ್ಟು ಬರೆಯಬಾರದು.

ತಣಿಸಂದ್ರದ ಹಳೇ ಊರಿನಲ್ಲಿ ನಮ್ಮ ಮನೆ. ಸುತ್ತ ಅಪಾರ್ಟ್‌ಮೆಂಟ್ ಎದ್ದ ಮೇಲೆ ಬೀದಿಯಲ್ಲಿ ಉಳಿದಿರುವ ಕೊಟ್ಟಿಗೆ ನಮ್ಮದೊಂದೇ, ಅದರಲ್ಲಿರುವ ಹಸು ಗೌರಿಯೊಬ್ಬಳೇ. ಅವಳ ತಾಯಿ ಇವಳನ್ನು ಹಾಕಿ ಸತ್ತಿತು. ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು ನಾನು.

ಭಾನುವಾರ ಸಂಜೆ ಗೌರಿ ಹೆಣ್ಣು ಕರು ಹಾಕಿದಳು. ಕರು ಬಂದ ಮೇಲೆ ಕಸ ಬೀಳಬೇಕು. ಹೊಟ್ಟೆಯೊಳಗೆ ಕರುವನ್ನು ಸುತ್ತಿಕೊಂಡಿರುವ ಚೀಲ ಅದು. ಸೋಮವಾರ ಬೆಳಗಾದರೂ ಬೀಳದೆ ನೇತಾಡುತ್ತಿತ್ತು. ಮಳೆ ಬಿಟ್ಟಿರಲಿಲ್ಲ. ಕೊಟ್ಟಿಗೆಯೆಲ್ಲ ಕೆಸರು, ಅದರಲ್ಲೇ ಮಲಗುತ್ತಿದ್ದಳು.

ಸೊಸೆ ಮಂಜುಳ ಬಂದು, "ಅತ್ತೆ, ಡಾಕ್ಟ್ರಿಗೆ ಫೋನ್ ಮಾಡ್ತೀನಿ" ಎಂದಳು.

"ಆ ಡಾಕ್ಟ್ರು ಉಟ್ಟೋಕೆ ಮುಂಚೆಯಿಂದ ಈ ಊರಿನ ಹಸುಗಳಿಗೆ ಕೈ ಹಾಕಿರೋಳು ಕಣೇ ನಾನು. ಓಗು, ಬಿಸಿನೀರು ತಗೊಂಬಾ."

ಬಳೆ ತೆಗೆದು, ಸೋಪು ಹಚ್ಚಿಕೊಂಡು, ಕೈ ಹಾಕಿ ಎಳೆದೆ. ಬಂತು. ಬರುವಾಗ ಒಳಗೆ ಏನೋ ಹರಿದದ್ದು ಕೈಗೆ ಗೊತ್ತಾಯಿತು. ಗೊತ್ತಾಗದವಳ ಹಾಗೆ ಇದ್ದುಬಿಟ್ಟೆ. ಬಂದಷ್ಟನ್ನು ಹುಲ್ಲಿನಲ್ಲಿ ಸುತ್ತಿ ಗಂಟು ಮಾಡಿ, ಮುನೇಶ್ವರ ಸ್ವಾಮಿಯ ಆಲದ ಮರದ ಕೊಂಬೆಗೆ ಕಟ್ಟಿ ಬಂದೆ. ಹಾಲು ಸುರಿಯುವ ಮರಕ್ಕೆ ಕಸ ಕಟ್ಟಿದರೆ ಹಸುವಿಗೂ ಹಾಲು ಇಳಿಯುತ್ತದೆ ಅಂತ ನಮ್ಮ ಕಡೆ ಹಾಗೆ ಮಾಡುತ್ತೇವೆ.

ಬುಧವಾರ ಗೌರಿ ಹುಲ್ಲು ಮುಟ್ಟಲಿಲ್ಲ. ಮೈ ಸುಡುತ್ತಿತ್ತು. ಹಿಂದುಗಡೆಯಿಂದ ಕೆಂಪಗೆ ನೀರು ಸೋರುತ್ತಿತ್ತು, ಕೆಟ್ಟ ನಾತ. ಮಂಜುಳ ನನ್ನನ್ನು ಕೇಳದೆ ಡಾಕ್ಟರನ್ನು ಕರೆದಳು. ಅವರು ಬರುವಷ್ಟರಲ್ಲಿ ನಾನು ಬಾಲದ ಬುಡವನ್ನೆಲ್ಲ ಸೋಪು ಹಾಕಿ ತೊಳೆದುಬಿಟ್ಟೆ. ಸೋರಿದ್ದು ಕಂಡರೆ ನನ್ನ ಕೈಗುಣದ ಹೆಸರು ಕೆಡುತ್ತದಲ್ಲ.

"ಕಸ ಪೂರ್ತಿ ಬಿತ್ತಾ ಅಜ್ಜಿ? ಯಾರಾದ್ರೂ ಕೈ ಹಾಕಿದ್ರಾ?"

"ಯಾರೂ ಇಲ್ಲಪ್ಪ. ತಾನೇ ಬಿತ್ತು."

ಮಳೆಗಾಲದ ಜ್ವರ ಇರಬಹುದೆಂದು ಸೂಜಿ ಹಾಕಿ ಹೋದರು.

ಶುಕ್ರವಾರ ಎದ್ದು ನಿಲ್ಲಲಿಲ್ಲ. ಕಿವಿ ತಣ್ಣಗಾಗಿತ್ತು, ಕಣ್ಣು ಒಳಕ್ಕೆ ಹೋಗಿತ್ತು. ಕರು ಕೂಗಿದರೂ ತಲೆ ಎತ್ತಲಿಲ್ಲ. ಉಸಿರು ಇದೆಯೋ ಇಲ್ಲವೋ ಅಂತ ಗಳಿಗೆಗೊಮ್ಮೆ ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದೆ. ಅವಳ ತಾಯಿಯೂ ಹೀಗೇ ಮಲಗಿ ಹೋದದ್ದು. ಅವತ್ತು ಕೈ ಹಾಕಿದ್ದೂ ನಾನೇ ಅನ್ನುವುದು ಆಗ ನೆನಪಾಯಿತು.

ಮಳೆಯಲ್ಲೇ ಸ್ವಾಮಿಯ ಮರದಡಿಗೆ ಓಡಿದೆ. "ನಾನೇನೂ ತಪ್ಪು ಮಾಡಿಲ್ಲಪ್ಪ, ನನ್ನ ಗೌರೀನ ಉಳಿಸ್ಕೊಡು" ಎಂದು ಕೈ ಮುಗಿದೆ. ಕಣ್ಣು ಬಿಡುವಷ್ಟರಲ್ಲಿ ದೊಪ್ಪೆಂದು ಆ ಗಂಟು ನನ್ನ ಕಾಲ ಮುಂದೆ ಬಿತ್ತು. ನೆಂದು ಹಗ್ಗ ಬಿಟ್ಟಿರಬಹುದು. ಯಾರು ಏನಾದರೂ ಅನ್ನಲಿ, ಐದು ದಿನದ ಮಳೆಗೆ ಬೀಳದ್ದು ನಾನು ಸುಳ್ಳು ಹೇಳಿದ ಗಳಿಗೆಯಲ್ಲಿ ಬಿತ್ತು. ಹೆದರಿ ಅಲ್ಲೇ ಕೂತೆ. ಅರ್ಧ ನಿನಗೆ ಕಟ್ಟಿ ಅರ್ಧ ಅವಳ ಹೊಟ್ಟೆಯಲ್ಲಿ ಬಿಟ್ಟೆನಲ್ಲಪ್ಪ ಎಂದು ಆಗ ಬಾಯಿ ಬಿಟ್ಟು ಹೇಳಿದೆ.

ಡಾಕ್ಟರಿಗೆ ಫೋನಿನಲ್ಲಾದರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ ಅನ್ನಿಸಿತು. ಗಂಟನ್ನು ಎರಡು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು, ಅವರ ದನದ ಆಸ್ಪತ್ರೆಗೆ ಹೋಗಲು ಯಲಹಂಕದ ಬಸ್ಸು ಹತ್ತಿದೆ. ಪಕ್ಕದವರೆಲ್ಲ ಎದ್ದು ಹೋದರು.

ಕಂಡಕ್ಟರ್ ಮೂಗು ಮುಚ್ಚಿಕೊಂಡೇ ಟಿಕೆಟ್ ಕೊಟ್ಟ. "ನಿಮಗೆ ಫ್ರೀ ಅಜ್ಜಿ, ಆ ಕವರಿಗಲ್ಲ. ಏನದು?"

"ನಾನ್ ಮಾಡಿದ ಪಾಪ ಕಣಪ್ಪ. ಇಳಿಯೋವರ್ಗೂ ತಡ್ಕೊ."

ಡಾಕ್ಟರು ಆಸ್ಪತ್ರೆಯ ಹಿತ್ತಲಲ್ಲಿ ಕೈಗೆ ಗ್ಲೌಸ್ ಹಾಕಿಕೊಂಡು ಬಿಚ್ಚಿ ನೋಡಿದರು. "ಅಜ್ಜಿ, ಇದು ಹರಿದಿದೆ. ಪೂರ್ತಿ ಇಲ್ಲ."

"ಮಿಕ್ಕಿದ್ದು ಅವಳೊಳಗೇ ಐತೆ. ಎಳೆದಿದ್ದು ನಾನೇ. ನೀವ್ ಬರೋ ಮುಂಚೆ ತೊಳೆದಿದ್ದೂ ನಾನೇ."

ಬೈಯಲಿಲ್ಲ. ಅದಕ್ಕೇ ಇನ್ನೂ ಭಯವಾಯಿತು. "ಗರ್ಭಕೋಶ ಕೊಳೀತಿದೆ. ನಂಜು ಮೈಗೆಲ್ಲ ಏರಿದ್ರೆ ನನ್ ಕೈಲೂ ಏನೂ ಆಗಲ್ಲ. ಬೈಕ್ ಹತ್ತಿ" ಎಂದರು. ಈ ವಯಸ್ಸಿನಲ್ಲಿ ಮಳೆಯಲ್ಲಿ ಬೈಕಿನ ಹಿಂದೆ ಕೂತು ಬಂದೆ. ದಾರಿಯುದ್ದಕ್ಕೂ ಉಸಿರಿರಲಿ ಸ್ವಾಮಿ ಅಂತ ಅದೊಂದೇ ಮಾತು.

ಉಸಿರಿತ್ತು.

ಗ್ಲೂಕೋಸ್ ಬಾಟಲಿ ಏರಿಸಿದರು, ಐದು ದಿನ ಬಿಡದೆ ಸೂಜಿ ಹಾಕಿದರು. "ಉಳಿದಿದ್ದು ತಾನೇ ಕರಗಿ ಬರುತ್ತೆ. ಯಾರೂ ಕೈ ಹಾಕೋ ಹಂಗಿಲ್ಲ. ನೆಲ ಒಣಗಿರ್ಬೇಕು" ಎಂದರು. ಮಂಜುಳ ಕೆಸರು ಬಳಿದು ಒಣಹುಲ್ಲು ಹಾಸಿದಳು.

ಮೂರನೇ ದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋಗಲು ಧೈರ್ಯ ಬರದೆ ಬಾಗಿಲಲ್ಲೇ ನಿಂತಿದ್ದೆ. ಒಳಗಿಂದ ಮಂಜುಳ, "ಅತ್ತೆ, ಮೆಲುಕು ಹಾಕ್ತಾವ್ಳೆ ಬನ್ನಿ!" ಎಂದು ಕೂಗಿದಳು. ನಾನು ಕೊಟ್ಟಿಗೆಗೆ ಹೋಗಲಿಲ್ಲ, ನೇರ ಮರದ ಹತ್ತಿರ ಹೋಗಿ ಅಡ್ಡಬಿದ್ದೆ.

ಗೌರಿ ಈಗ ಚೆನ್ನಾಗಿದ್ದಾಳೆ. ಈಗಲೂ ಪಕ್ಕದ ಊರಿನವರು ಕಸ ಬಿದ್ದಿಲ್ಲ ಬಾರಜ್ಜಿ ಎಂದು ಕರೆಯುತ್ತಾರೆ. ಹೋಗುತ್ತೇನೆ. ಬಳೆ ತೆಗೆಯುವುದಿಲ್ಲ. ಡಾಕ್ಟರು ಬರುವವರೆಗೂ ಯಾರೂ ಎಳೆಯದ ಹಾಗೆ ಹಸುವಿನ ಹಿಂದೆ ಕಾವಲು ಕೂರುತ್ತೇನೆ. ಸ್ವಾಮಿ ನನ್ನಿಂದ ಮಾಡಿಸಿಕೊಳ್ಳುತ್ತಿರುವ ಸೇವೆ ಇದು. ಅವನ ಮುಂದೆ ನಿಂತಾಗ ಮೊದಲು ನನ್ನ ತಪ್ಪು ಹೇಳಿ, ಆಮೇಲೆ ಬೇಡುತ್ತೇನೆ. ಬೇಡುವಾಗ ಒಂದು ಸಲ ಮೇಲೆ ಕೊಂಬೆ ನೋಡುತ್ತೇನೆ.